ಹೊಲಕ್ಕಿಳಿದ ಶಾಸನ

ಕನ್ನಡದಲ್ಲಿ ‘ಶಾಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೊರೆಯಿಸಿದ ಬರಹ ಒಂದು. ನಾಡನ್ನು ಆಳುವವರು ಮಾಡಿದ ಕಾನೂನು ಇನ್ನೊಂದು. ಹಳೆಯ ಕಲ್ಲುಶಾಸನಗಳಲ್ಲಿ ಅನೇಕವು ಭೂಮಿಗೆ ಸಂಬಂಧಿಸಿದವು. ಇಂಥ ಅರಸನು ಇಂಥ ದೇವಾಲಯಕ್ಕೆ, ಇಂಥ ಅಗ್ರಹಾರಕ್ಕೆ, ಕಾಳಗದಲ್ಲಿ ಮಡಿದ ಇಂಥ ವೀರನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು ಬಿಟ್ಟುಕೊಟ್ಟನೆಂದು ಅವು ಸಾರುತ್ತವೆ. ಕೊಟ್ಟವನ ಹೆಸರು ಅಲ್ಲಿದೆ. ಪಡೆದವನ ಹೆಸರು ಅಲ್ಲಿದೆ. ನಾಲ್ಕು ದಿಕ್ಕಿನ ಎಲ್ಲೆಗಳೂ ಸಾಕ್ಷಿಗಳೂ ಇವೆ. ಆ ಗದ್ದೆಯಲ್ಲಿ ಕೆಸರು ತುಳಿದು ಬೆಳೆ ತೆಗೆದವನ ಹೆಸರು ಮಾತ್ರ ಅಂಥ ಕಲ್ಲುಗಳಲ್ಲಿ ಕಾಣಸಿಗುವುದು ಅಪೂರ್ವ.

ಉಳುವವನ ಹೆಸರನ್ನು ಭೂಮಿಯ ದಾಖಲೆಯಲ್ಲಿ ಒಡೆಯನ ಜಾಗದಲ್ಲಿ ಬರೆಯಬೇಕೆಂದು ವಿಧಿಸಿದ ಶಾಸನವೊಂದು 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಜಾರಿಗೆ ಬಂದಿತು. ಅದು ಕಾಗದದ ಮೇಲಿನ ಶಾಸನ. ಅದನ್ನು ವಿಧಾನಮಂಡಲದಿಂದ ಹೊರತಂದು ಹಳ್ಳಿಯ ಹೊಲದವರೆಗೆ ನಡೆಸಿಕೊಂಡು ಹೋದ ಸರ್ಕಾರದ ಮುಖ್ಯಸ್ಥರು ಡಿ. ದೇವರಾಜ ಅರಸು ಅವರು. ಶಾಸನಸಭೆಯ ಪ್ರವೇಶದಿಂದ ಮುಖ್ಯಮಂತ್ರಿ ಪದವಿಯ ತ್ಯಾಗದವರೆಗೆ ಅವರ ಸಾರ್ವಜನಿಕ ಜೀವನ ಸುಮಾರು ನಾಲ್ಕು ದಶಕಗಳಷ್ಟು ದೀರ್ಘವಾದದ್ದು. ಈ ನಾಲ್ಕು ದಶಕಗಳ ಬೆಲೆಯನ್ನು ಅಳೆಯುವ ಬಗೆ ಹೇಗೆ? ಎಷ್ಟು ಕಾಲ ಅಧಿಕಾರದಲ್ಲಿದ್ದರು ಎಂಬುದರಿಂದಲೋ, ಅಧಿಕಾರವು ಯಾರ ಮನೆಯ ಬಾಗಿಲನ್ನು ಮುಟ್ಟಿತು ಎಂಬುದರಿಂದಲೋ? ಅವರ ಬಾಳಿನ ಕಥೆಯೇ ಈ ಪ್ರಶ್ನೆಗೆ ಉತ್ತರ ಹೇಳಬಲ್ಲದು.

ದೇವರಾಜ ಅರಸು ಅವರು 1915ರ ಆಗಸ್ಟ್ 20ರಂದು ಜನಿಸಿದರು. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಮನೆತನದ ಊರು. ಮೈಸೂರಿನ ರಾಜವಂಶದೊಡನೆ ನಂಟುಳ್ಳ ಅರಸು ಸಮುದಾಯಕ್ಕೆ ಸೇರಿದ ಮನೆತನವಾದರೂ ಅದರ ಬದುಕು ಬೇಸಾಯದ ಬದುಕೇ ಆಗಿತ್ತು. ಬಾಲಕ ದೇವರಾಜನು ಮೈಸೂರಿನಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿ ಪಡೆದನು. ಆ ಕಾಲದಲ್ಲಿ ಪದವೀಧರರಿಗೆ ಸರ್ಕಾರಿ ಉದ್ಯೋಗ ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅರಸು ಅವರು ಕಲ್ಲಹಳ್ಳಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಮಳೆ ಕೈಕೊಟ್ಟ ವರ್ಷ ಒಕ್ಕಲು ಮಕ್ಕಳ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ, ಸಾಲದ ಬಡ್ಡಿ ಹೇಗೆ ಬೆಳೆಯುತ್ತದೆ ಎಂಬುದು ಅಂಥ ಬದುಕಿನಲ್ಲಿ ಕಣ್ಣಿಗೆ ಬೀಳದೆ ಇರುವುದಿಲ್ಲ.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಈ ಸಭೆ ದಸರಾ ಕಾಲದಲ್ಲಿ ಸೇರುತ್ತಿದ್ದುದು ಪ್ರಸಿದ್ಧ. ಸದಸ್ಯರು ಪ್ರಜೆಗಳ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಸರ್ಕಾರವನ್ನು ಬದಲಾಯಿಸುವ ಶಕ್ತಿ ಅವರಿಗಿರಲಿಲ್ಲ. ಆಸ್ತಿಯೋ ವಿದ್ಯೆಯೋ ಉಳ್ಳವರಿಗೆ ಮಾತ್ರ ಮತದಾನದ ಹಕ್ಕಿತ್ತು. ಬೇರೊಬ್ಬರ ಹೊಲದಲ್ಲಿ ದುಡಿಯುವವನ ದನಿ ಆ ಸಭೆಯನ್ನು ತಲಪುವ ದಾರಿಯೇ ಇರಲಿಲ್ಲ.

ಸ್ವಾತಂತ್ರ್ಯಾನಂತರ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂದಿತು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಹುಣಸೂರಿನ ಜನ ಅರಸು ಅವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದರು. ಮುಂದೆಯೂ ಮತ್ತೆ ಮತ್ತೆ ಆರಿಸಿದರು. 1960ರ ದಶಕದಲ್ಲಿ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅವರು ಸಚಿವರಾಗಿ ಹಲವು ಖಾತೆಗಳನ್ನು ನಿರ್ವಹಿಸಿದರು. ಪತ್ರಿಕೆಗಳ ಮೊದಲ ಪುಟದಲ್ಲಿ ದಿನವೂ ಮೆರೆಯುವ ಹುದ್ದೆಗಳು ಅವಲ್ಲ. ಅವರ ಸಮುದಾಯವೂ ಸಂಖ್ಯೆಯಲ್ಲಿ ತೀರ ಚಿಕ್ಕದು. ಚುನಾವಣೆಯ ಲೆಕ್ಕದಲ್ಲಿ ಜನಸಂಖ್ಯೆಯುಳ್ಳ ಪ್ರಬಲ ಸಮುದಾಯಗಳದೇ ಮೇಲುಗೈಯಾಗಿದ್ದ ಕಾಲದಲ್ಲಿ, ಇಂಥವರೊಬ್ಬರು ಮುಖ್ಯಮಂತ್ರಿಯಾಗುವರೆಂದು ಊಹಿಸಿದವರು ವಿರಳ. ಎರಡು ದಶಕಗಳ ಕಾಲ ಅವರು ಆ ಸಭೆಯಲ್ಲಿ ಕುಳಿತು, ಶಾಸನಗಳು ಹುಟ್ಟುವುದನ್ನೂ ಹುಟ್ಟಿದ ಶಾಸನಗಳು ಕಡತಗಳಲ್ಲಿ ಮಲಗುವುದನ್ನೂ ನೋಡಿದರು.

ಹಾಗೆ ಮಲಗಿದ ಶಾಸನಗಳಲ್ಲಿ ಮುಖ್ಯವಾದದ್ದು ಭೂಸುಧಾರಣೆಯ ಶಾಸನ. ಅದನ್ನು ಅರಿಯಬೇಕಾದರೆ ಗೇಣಿಯೆಂಬ ವ್ಯವಸ್ಥೆಯನ್ನು ತಿಳಿಯಬೇಕು. ಭೂಮಿ ಒಬ್ಬನದು, ದುಡಿಮೆ ಇನ್ನೊಬ್ಬನದು. ಉಳುವ ಒಕ್ಕಲು ತನ್ನ ಎತ್ತು, ತನ್ನ ನೇಗಿಲು, ತನ್ನ ಬೆವರನ್ನು ಹಾಕಿ ಬೆಳೆದ ಬೆಳೆಯಲ್ಲಿ ಅರ್ಧವನ್ನು, ಕೆಲವೆಡೆ ಅದಕ್ಕೂ ಮಿಗಿಲಾದ ಭಾಗವನ್ನು, ಒಡೆಯನ ಕಣಜಕ್ಕೆ ಅಳೆದುಕೊಡಬೇಕಾಗಿತ್ತು. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಬಗೆಗಳಿದ್ದವು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತವಾದ ಹಿಡಿತವಿತ್ತು. ಚಾಲಗೇಣಿಯವನನ್ನು ಒಡೆಯನು ಬೇಡವೆಂದರೆ ಎಬ್ಬಿಸಬಹುದಾಗಿತ್ತು. ಅನೇಕ ಕಡೆ ಒಪ್ಪಂದವೆಲ್ಲ ಬಾಯಿಮಾತಿನದು. ಅಜ್ಜನ ಕಾಲದಿಂದ ಉತ್ತ ಗದ್ದೆಯಾದರೂ ಉತ್ತವನ ಬಳಿ ಅದನ್ನು ತೋರಿಸಲು ಒಂದು ತುಂಡು ಕಾಗದವೂ ಇರುತ್ತಿರಲಿಲ್ಲ.

ಇದರ ವಿರುದ್ಧ ದನಿಯೆದ್ದದ್ದು ಮೊದಲು ಹಳ್ಳಿಯಲ್ಲಿಯೇ. 1951ರಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ವಸ್ತುವಾಗಿತ್ತು. ಒಕ್ಕಲುಗಳು ನ್ಯಾಯವಾದ ಅಳತೆಯನ್ನು ಕೇಳಿದರು. ಒಡೆಯರು ಅವರನ್ನು ಭೂಮಿಯಿಂದ ಹೊರಹಾಕಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಅಂಥ ಹೋರಾಟಗಳಿಂದ ನಾಡಿನ ಬಾಯಲ್ಲಿ ನೆಲೆಗೊಂಡಿತು. ಮುಂದೆ ಬಂದ ಶಾಸನದ ಕೀರ್ತಿಯಲ್ಲಿ ಮೊದಲ ಪಾಲು ಸಲ್ಲಬೇಕಾದದ್ದು ಹೆಸರಿಲ್ಲದ ಆ ರೈತರಿಗೆ.

1956ರಲ್ಲಿ ಕನ್ನಡ ಪ್ರದೇಶಗಳು ಒಂದುಗೂಡಿದಾಗ ಹಳೆಯ ಮೈಸೂರು, ಬೊಂಬಾಯಿ ಪ್ರಾಂತ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಬೇರೆ ಬೇರೆ ಗೇಣಿ ಕಾನೂನುಗಳು ಒಂದೇ ರಾಜ್ಯದೊಳಗೆ ಬಂದು ಸೇರಿದವು. ಇವನ್ನು ಒಂದು ಮಾಡಲು ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಫಲವಾಗಿ 1961ರಲ್ಲಿ ಭೂಸುಧಾರಣಾ ಕಾನೂನು ಸಿದ್ಧವಾಯಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಉದ್ದೇಶ ಒಳ್ಳೆಯದೇ ಆಗಿದ್ದರೂ ಬಲೆಯ ಕಣ್ಣುಗಳು ದೊಡ್ಡವಾಗಿದ್ದವು. ಸ್ವಂತ ಬೇಸಾಯ ಮಾಡುತ್ತೇನೆಂದು ಹೇಳಿ ಒಡೆಯನು ಭೂಮಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿತ್ತು. ಕಾನೂನು ಬರುತ್ತದೆಂಬ ಸುದ್ದಿ ತಿಳಿದೊಡನೆ ಅನೇಕ ಒಕ್ಕಲುಗಳನ್ನು ಎಬ್ಬಿಸಿದ್ದೂ ಉಂಟು. ಹೀಗೆ ಬಡವನನ್ನು ಕಾಯಬೇಕಾದ ಶಾಸನವೇ ಕೆಲವೆಡೆ ಅವನ ಕೈಯಿಂದ ನೇಗಿಲನ್ನು ಕಸಿಯಿತು.

1969ರಲ್ಲಿ ಕಾಂಗ್ರೆಸ್ ಪಕ್ಷ ಎರಡಾಗಿ ಒಡೆಯಿತು. ರಾಜ್ಯದ ಹಿರಿಯ ನಾಯಕರಲ್ಲಿ ಬಹುಮಂದಿ ನಿಜಲಿಂಗಪ್ಪನವರ ಕಡೆಗೆ ನಿಂತರು. ಅರಸು ಅವರು ಪ್ರಧಾನಿ ಇಂದಿರಾ ಗಾಂಧಿಯವರ ಕಡೆಗೆ ನಿಂತು, ರಾಜ್ಯದಲ್ಲಿ ಆ ಪಕ್ಷವನ್ನು ಕಟ್ಟುವ ಹೊಣೆ ಹೊತ್ತರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಆ ಪಕ್ಷಕ್ಕೆ ಬಂದವು. 1972ರ ವಿಧಾನಸಭಾ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವಾಗ ಹಿಂದುಳಿದ ವರ್ಗಗಳಿಂದಲೂ ಪರಿಶಿಷ್ಟ ಜಾತಿಗಳಿಂದಲೂ ಅಲ್ಪಸಂಖ್ಯಾತರಿಂದಲೂ ಹೊಸಬರನ್ನು ಮುಂದಕ್ಕೆ ತರಲಾಯಿತು. ಅಲ್ಲಿಯವರೆಗೆ ಮತ ಕೊಡುವುದಕ್ಕೆ ಮಾತ್ರ ಲೆಕ್ಕಕ್ಕೆ ಬರುತ್ತಿದ್ದ ಸಮುದಾಯಗಳ ತರುಣರು ಶಾಸಕರಾದರು. ಗುರುಮಠಕಲ್ಲಿನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಬಾರಿಗೆ ವಿಧಾನಸಭೆಯ ಮೆಟ್ಟಿಲೇರಿದ್ದು ಆ ವರ್ಷವೇ. ಸಂಖ್ಯಾಬಲವಿಲ್ಲದ ಸಮುದಾಯದಿಂದ ಬಂದ ನಾಯಕನು, ಒಂದೊಂದಾಗಿ ದುರ್ಬಲವಾಗಿದ್ದ ಸಮುದಾಯಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಬಲವನ್ನು ಕಟ್ಟಿದನು. ಬಿಡಿ ನಾರುಗಳು ಹೊಸೆದಾಗಲೇ ಹಗ್ಗವಾಗುವುದು.

1972ರ ಮಾರ್ಚ್ 20ರಂದು ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅವರ ಆಡಳಿತಾವಧಿಯಲ್ಲಿಯೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೆಸರು ಬದಲಾದ ನಾಡಿನಲ್ಲಿ ಬದುಕು ಬದಲಾಗಬೇಕಾಗಿತ್ತು. ಅದಕ್ಕೆ ಬಂದದ್ದು ಭೂಸುಧಾರಣಾ ಕಾನೂನಿನ ತಿದ್ದುಪಡಿ.

ತಿದ್ದುಪಡಿಯ ತಿರುಳು ಸರಳವಾಗಿತ್ತು. 1974ರ ಮಾರ್ಚ್ 1ರಂದು ಗೇಣಿಯಲ್ಲಿರುವ ಭೂಮಿಯೆಲ್ಲ ಸರ್ಕಾರಕ್ಕೆ ಸೇರುತ್ತದೆ. ಆ ದಿನ ಅದನ್ನು ಗೇಣಿಗೆ ಉಳುತ್ತಿದ್ದವನು ಅರ್ಜಿ ಹಾಕಿಕೊಂಡರೆ, ವಿಚಾರಣೆಯ ಬಳಿಕ, ಅದರ ಹಕ್ಕು ಅವನದಾಗುತ್ತದೆ. ಒಡೆಯನಿಗೆ ನಿಗದಿಯಾದ ಪರಿಹಾರ ದೊರೆಯುತ್ತದೆ. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಗೂ ಮಿತಿ ಬಿದ್ದಿತು. ಬೇರೊಬ್ಬರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ಗುಡಿಸಲಿನ ನೆಲದ ಹಕ್ಕನ್ನು ಕೊಡುವ ವಿಧಿಯೂ ಸೇರಿತು.

ಆದರೆ ಕಾನೂನಿನ ಸತ್ತ್ವ ಅಡಗಿದ್ದುದು ವಿಚಾರಣೆಯ ಬಗೆಯಲ್ಲಿ. ಹಿಂದಿನ ಶಾಸನಗಳು ಸೋತದ್ದು ಎಲ್ಲಿ ಎಂಬುದನ್ನು ಬಲ್ಲವರು ಇದನ್ನು ರೂಪಿಸಿದ್ದರು. ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಬಡ ಒಕ್ಕಲು ವಕೀಲರ ಶುಲ್ಕಕ್ಕಾಗಿಯೇ ಎತ್ತು ಮಾರಬೇಕು. ಮೊಮ್ಮಗನ ಕಾಲಕ್ಕೆ ತೀರ್ಪು ಬರಬೇಕು. ಆದುದರಿಂದ ಅದಕ್ಕಾಗಿಯೇ ಭೂನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಅವರೊಡನೆ ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿಗೋ ಪಂಗಡಕ್ಕೋ ಸೇರಿದವರಿರಬೇಕು. ಈ ಮಂಡಳಿಯ ಮುಂದೆ ವಕೀಲರು ವಾದಿಸಲು ಮೊದಲು ಅವಕಾಶವಿರಲಿಲ್ಲ. ಒಕ್ಕಲು ತನ್ನ ಮಾತನ್ನು ತನ್ನ ಭಾಷೆಯಲ್ಲಿಯೇ ಹೇಳಿಕೊಳ್ಳಬೇಕು, ಒಡೆಯನೂ ಹಾಗೆಯೇ. ತೀರ್ಪು ಒಪ್ಪಿಗೆಯಾಗದಿದ್ದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುವುದೊಂದೇ ದಾರಿಯಾಗಿತ್ತು.

ಅರ್ಜಿಯ ಕಾಗದಕ್ಕೆ ನಮೂನೆ 7 ಎಂದು ಹೆಸರು. ಕರಾವಳಿಯ ಜನ ಅದನ್ನು ‘ಡಿಕ್ಲರೇಷನ್’ ಎಂದು ಕರೆದರು. ‘ಡಿಕ್ಲರೇಷನ್ ಹಾಕಿದೆಯಾ?’ ಎಂಬ ಮಾತು ಆ ವರ್ಷಗಳಲ್ಲಿ ಹೊಲದ ಬದುವಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಕೇಳಿಬರುತ್ತಿತ್ತು. ಕಾಗದ ಒಂದು ಹಾಳೆಯಷ್ಟೇ. ಆದರೆ ಅದಕ್ಕೆ ಹೆಬ್ಬೆಟ್ಟು ಒತ್ತುವುದು ಸುಲಭವಾದ ಕೆಲಸವಾಗಿರಲಿಲ್ಲ. ತಲೆಮಾರುಗಳಿಂದ ಧಣಿಯ ಅಂಗಳಕ್ಕೆ ಅಕ್ಕಿಯ ಮುಡಿ ಹೊತ್ತವನು ಅವನು. ಹಬ್ಬ ಬಂದರೆ ಬಾಳೆಗೊನೆಯನ್ನೋ ಸೌತೆಕಾಯಿಯನ್ನೋ ತಂದಿಟ್ಟು ಕೈಮುಗಿದು ನಿಂತವನು ಅವನು. ಕಷ್ಟಕಾಲದಲ್ಲಿ ಸಾಲ ಕೊಟ್ಟದ್ದು ಅದೇ ಮನೆ. ಮಗಳ ಮದುವೆಗೆ ಅಕ್ಕಿ ಅಳೆದುಕೊಟ್ಟದ್ದು ಅದೇ ಮನೆ. ಆ ಧಣಿಯ ಎದುರು ನಿಂತು, ‘ಈ ಭೂಮಿಯನ್ನು ಉಳುವವನು ನಾನು, ಇದರ ಹಕ್ಕು ನನಗೆ ಬರಬೇಕು’ ಎಂದು ಹೇಳಲು ಎದೆ ಬೇಕಾಗಿತ್ತು. ಕೆಲವರು ಅಂಜಿ ಅರ್ಜಿಯನ್ನೇ ಹಾಕಲಿಲ್ಲ. ಕೆಲವರು ಉಪ್ಪಿನ ಋಣಕ್ಕೆ ಕಟ್ಟುಬಿದ್ದು ಹಾಕಿದ ಅರ್ಜಿಯನ್ನು ಹಿಂದೆಗೆದುಕೊಂಡರು. ಆದರೆ ಬಹುಮಂದಿ ತಗ್ಗಿಸಿದ ತಲೆಯನ್ನು ಮೊದಲ ಬಾರಿಗೆ ಎತ್ತಿದರು. ಭೂಮಿ ಸಿಕ್ಕದ್ದಕ್ಕಿಂತ ಈ ತಲೆಯೆತ್ತುವಿಕೆ ದೊಡ್ಡದೆನ್ನಬೇಕು.

ಅರ್ಜಿ ಸಲ್ಲಿಸುವ ಅವಧಿಯನ್ನು ಹಲವು ಸಲ ವಿಸ್ತರಿಸಿ, 1979ರ ಜೂನ್ 30ನ್ನು ಕಡೆಯ ದಿನವೆಂದು ಗೊತ್ತುಪಡಿಸಲಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಮಂಡಳಿಗಳ ಕೆಲಸ ವರ್ಷಾನುವರ್ಷ ನಡೆದು, ನಾಲ್ಕು ಲಕ್ಷಕ್ಕೂ ಮಿಕ್ಕ ಅರ್ಜಿಗಳು ಒಕ್ಕಲುಗಳ ಪರವಾಗಿ ತೀರ್ಮಾನವಾದವು. ಗೇಣಿಯ ಪ್ರಮಾಣ ಹೆಚ್ಚಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಮಲೆನಾಡಿನಲ್ಲಿಯೂ ಇದರ ಪರಿಣಾಮ ಎದ್ದು ಕಂಡಿತು. ಗೇಣಿಗೆಂದು ಅಳೆದುಕೊಡುತ್ತಿದ್ದ ಭತ್ತ ಮನೆಯಲ್ಲಿಯೇ ಉಳಿಯಿತು. ಉಳಿದ ಭತ್ತ ಊಟವಾಯಿತು, ಹಂಚಿನ ಮಾಡಾಯಿತು, ಮಕ್ಕಳ ಶಾಲೆಯ ಪುಸ್ತಕವಾಯಿತು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ನೂರಾರು ಎಕರೆಯ ಒಡೆಯನಿಗೂ, ಗಂಡನನ್ನು ಕಳೆದುಕೊಂಡು ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಜೀವನ ಸಾಗಿಸುತ್ತಿದ್ದ ಹೆಂಗಸಿಗೂ ಕಾನೂನು ಒಂದೇ ಆಗಿತ್ತು. ಪರಿಹಾರದ ಹಣ ಅಲ್ಪವಾಗಿತ್ತು. ಅದೂ ತಡವಾಗಿ ಬಂದಿತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಒಡೆಯರ ಮನೆಗಳು ಕಷ್ಟಕ್ಕೆ ಸಿಕ್ಕಿದವು. ಅಂಥ ಮನೆಗಳ ಮಕ್ಕಳು ಊರು ಬಿಟ್ಟು, ಓದಿ, ಪಟ್ಟಣಗಳಲ್ಲಿ ಬೇರೆ ಬದುಕನ್ನು ಕಟ್ಟಿಕೊಂಡರು. ಮಂಡಳಿಗಳ ಸದಸ್ಯರ ನೇಮಕದಲ್ಲಿಯೂ ತೀರ್ಪಿನಲ್ಲಿಯೂ ಪಕ್ಷಪಾತವಾಯಿತೆಂಬ ದೂರುಗಳೂ ಕೇಳಿಬಂದವು. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದವನಿಗೆ ದೊರೆತದ್ದು ಸ್ವಲ್ಪವೇ. ದೊಡ್ಡ ನ್ಯಾಯವೊಂದು ನಡೆಯುವಾಗ ಅದರ ಬದಿಯಲ್ಲಿ ಸಣ್ಣ ಅನ್ಯಾಯಗಳೂ ನಡೆದುಹೋಗಬಹುದು. ಅವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದು ವಿವೇಕವಲ್ಲ. ಅವುಗಳನ್ನೇ ಮುಂದುಮಾಡಿ ದೊಡ್ಡ ನ್ಯಾಯವನ್ನು ಅಲ್ಲಗಳೆಯುವುದೂ ವಿವೇಕವಲ್ಲ.

ಭೂಮಿಯ ಜೊತೆಗೆ ವಿದ್ಯೆ, ಉದ್ಯೋಗಗಳ ಪ್ರಶ್ನೆಯೂ ಇತ್ತು. 1972ರಲ್ಲಿ ಅರಸು ಸರ್ಕಾರವು ವಕೀಲರಾಗಿದ್ದ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. ಆಯೋಗದವರು ನಾಡಿನುದ್ದಕ್ಕೂ ಸಮೀಕ್ಷೆ ನಡೆಸಿ, ಯಾವ ಸಮುದಾಯದಲ್ಲಿ ಎಷ್ಟು ಮಂದಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ, ಸರ್ಕಾರಿ ಸೇವೆಯಲ್ಲಿ ಯಾರ ಪಾಲು ಎಷ್ಟಿದೆ ಎಂಬುದನ್ನು ಲೆಕ್ಕಹಾಕಿದರು. ಶಾಲೆಯ ಬೆಂಚಿನಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಜೊತೆಗೆ ಯಾರು ಕುಳಿತಿಲ್ಲ ಎಂಬುದನ್ನೂ ಎಣಿಸಿದ ಲೆಕ್ಕವದು. 1975ರ ನವೆಂಬರಿನಲ್ಲಿ ವರದಿ ಸಲ್ಲಿಕೆಯಾಯಿತು. 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆದೇಶ ಹೊರಬಿದ್ದಿತು. ವರದಿಯ ಬಗ್ಗೆ ತೀವ್ರವಾದ ವಾದವಿವಾದಗಳು ನಡೆದವು. ಆದೇಶ ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಯಿತು. ಆದರೂ ಹಿಂದುಳಿದಿರುವಿಕೆಯನ್ನು ಅಂಕಿಅಂಶಗಳಿಂದ ಅಳೆದು ತೋರಿಸಬೇಕೆಂಬ ಕ್ರಮ ನಾಡಿನಲ್ಲಿ ಬೇರೂರಿತು.

ಇನ್ನಿತರ ಕೆಲಸಗಳನ್ನು ಸಂಗ್ರಹವಾಗಿ ಹೇಳಬಹುದು. ಅವರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು, ಮನುಷ್ಯರು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಷೇಧಿಸಿದರು. 1976ರ ಋಣಪರಿಹಾರ ಕಾನೂನು ಸಣ್ಣ ರೈತರನ್ನೂ ಭೂಹೀನ ಕೂಲಿಕಾರರನ್ನೂ ಹಳೆಯ ಸಾಲಗಳಿಂದ ಬಿಡಿಸಿತು. ದೇಶಾದ್ಯಂತ ಜೀತಪದ್ಧತಿಯನ್ನು ರದ್ದುಮಾಡಿದ ಕೇಂದ್ರದ ಕಾನೂನೂ ಆ ವರ್ಷದ್ದೇ. ಕೆಲಸವಿಲ್ಲದ ಪದವೀಧರರನ್ನು ಸಂಭಾವನೆ ಕೊಟ್ಟು ಸರ್ಕಾರಿ ಕಚೇರಿಗಳಲ್ಲಿ ತೊಡಗಿಸಿಕೊಂಡ ಯೋಜನೆಯಿಂದ ಅನೇಕ ತರುಣರಿಗೆ ದಾರಿಯಾಯಿತು. ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪರಿಶಿಷ್ಟರ ಕೈಯಿಂದ ಉಳ್ಳವರು ಕೊಂಡುಕೊಳ್ಳುವುದನ್ನು ತಡೆಯುವ ಕಾನೂನು 1978ರಲ್ಲಿ ಬಂದಿತು. ಬೆಂಗಳೂರಿನ ಹೊರವಲಯದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಗಲ್ಲಾದದ್ದೂ ಅದೇ ಕಾಲದಲ್ಲಿ.

ಈ ಬೆಳಕಿನ ನಡುವೆ ಒಂದು ಕತ್ತಲೆಯ ಕಾಲವೂ ಬರುತ್ತದೆ. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಬಾಯಿ ಕಟ್ಟಿತು. ವಿರೋಧಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದದ್ದು ಬೆಂಗಳೂರಿನಲ್ಲಿಯೇ. ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಗ ರಾಜ್ಯದ ಮುಖ್ಯಮಂತ್ರಿ ದೇವರಾಜ ಅರಸು ಅವರೇ. ಒಂದು ಕೊಠಡಿಯಲ್ಲಿ ಭೂನ್ಯಾಯ ಮಂಡಳಿ ಕುಳಿತು ಮೂಕರಾಗಿದ್ದವರಿಗೆ ಮಾತು ಕೊಡುತ್ತಿದ್ದ ದಿನಗಳಲ್ಲಿಯೇ, ಮಾತು ಬಲ್ಲವರನ್ನು ಸೆರೆಮನೆಯ ಕೊಠಡಿಯಲ್ಲಿ ಮೂಕರನ್ನಾಗಿ ಮಾಡಲಾಗಿತ್ತು. ಎರಡೂ ಒಂದೇ ಸರ್ಕಾರದ ಆಳ್ವಿಕೆಯಲ್ಲಿ ನಡೆದವು. ಅರಸು ಅವರ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಬರೆಯಬೇಕು.

1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂದಿತು. ಅರಸು ಅವರ ಮೇಲೂ ಅವರ ಸಂಪುಟದ ಕೆಲವರ ಮೇಲೂ ಇದ್ದ ಭ್ರಷ್ಟಾಚಾರ, ಸ್ವಜನಪಕ್ಷಪಾತಗಳ ಆರೋಪಗಳನ್ನು ವಿಚಾರಿಸಲು ಅದು ನ್ಯಾಯಮೂರ್ತಿ ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ರಾಜ್ಯ ಸರ್ಕಾರ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತಾದರೂ ತೀರ್ಪು ಅದಕ್ಕೆ ಅನುಕೂಲವಾಗಲಿಲ್ಲ. 1977ರ ಡಿಸೆಂಬರ್ 31ರಂದು ರಾಜ್ಯದಲ್ಲಿ ರಾಷ್ಟ್ರಪತಿಗಳ ಆಳ್ವಿಕೆ ಜಾರಿಗೆ ಬಂದಿತು. ಆದರೆ 1978ರ ಫೆಬ್ರವರಿಯಲ್ಲಿ ನಡೆದ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಗಳಿಸಿತು. ತಿಂಗಳು ಮುಗಿಯುವುದರೊಳಗೆ ಅವರು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಉತ್ತರ ಭಾರತದಲ್ಲಿ ಸೋತಿದ್ದ ಇಂದಿರಾ ಗಾಂಧಿಯವರು ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಮರಳಿದರು.

ಆ ನಂಟು ಬಹುಕಾಲ ಬಾಳಲಿಲ್ಲ. ಪಕ್ಷದ ನಾಯಕತ್ವದೊಡನೆ ಭಿನ್ನಾಭಿಪ್ರಾಯ ಬೆಳೆದು 1979ರಲ್ಲಿ ಅರಸು ಅವರು ಪಕ್ಷದಿಂದ ಹೊರಗಾದರು. ಕಾಂಗ್ರೆಸ್ಸಿನ ಇನ್ನೊಂದು ಬಣಕ್ಕೆ ಅವರ ಹೆಸರೇ ಅಂಟಿಕೊಂಡಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಆ ಬಣ ಕರ್ನಾಟಕದಲ್ಲಿ ಹೀನಾಯವಾಗಿ ಸೋತಿತು. ಅರಸು ಅವರು ಕೈಹಿಡಿದು ಶಾಸನಸಭೆಗೆ ತಂದವರಲ್ಲಿ ಅನೇಕರು ಒಬ್ಬೊಬ್ಬರಾಗಿ ಅವರನ್ನು ತೊರೆದರು. ಆ ಜನವರಿಯಲ್ಲಿಯೇ ಅವರು ಮುಖ್ಯಮಂತ್ರಿ ಪದವಿಯಿಂದ ಇಳಿದರು. ಹೊಸ ಪಕ್ಷವೊಂದನ್ನು ಕಟ್ಟುವ ಯತ್ನದಲ್ಲಿದ್ದಾಗಲೇ, 1982ರ ಜೂನ್ 6ರಂದು ನಿಧನರಾದರು. ಆಗ ಅವರ ವಯಸ್ಸು ಅರವತ್ತಾರು.

ಸೋತ ರಾಜಕಾರಣಿಯ ಹೆಸರನ್ನು ಜನ ಬೇಗ ಮರೆಯುತ್ತಾರೆಂಬ ಮಾತಿದೆ. ಅರಸು ಅವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಬಳಿಕ ಬಂದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಗೇಣಿದಾರನಿಗೆ ಸಿಕ್ಕಿದ ಭೂಮಿಯನ್ನು ಹಿಂದಕ್ಕೆ ಪಡೆಯುವ ಮಾತನ್ನು ಆಡಲಿಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯಲು 1974ರಲ್ಲಿ ಸೇರಿಸಿದ್ದ ವಿಧಿಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅದರ ಬಗ್ಗೆ ರೈತರು ಬೀದಿಗಿಳಿದು ಪ್ರತಿಭಟಿಸಿದರು. ಹೊಲದ ಒಡೆತನ ಯಾರದಾಗಿರಬೇಕೆಂಬ ಪ್ರಶ್ನೆ ಇನ್ನೂ ಹಳತಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅಧಿಕಾರವೆಂಬುದು ಕೆರೆಯ ತೂಬಿನಂತೆ. ತೂಬಿನ ಕೀಲಿ ಯಾರ ಕೈಯಲ್ಲಿ ಎಷ್ಟು ವರ್ಷವಿತ್ತೆಂದು ಕೇಳುವವರು ಕಡಿಮೆ. ನೀರು ಕಟ್ಟಕಡೆಯ ಗದ್ದೆಯನ್ನು ಮುಟ್ಟಿತೇ ಎಂದು ಕೇಳುವವರೇ ಹೆಚ್ಚು. ದೇವರಾಜ ಅರಸು ಅವರು ನೀರು ಬಿಟ್ಟಾಗ ಕೆಲವು ಬದುಗಳು ಒಡೆದವು. ಕೆಲವು ಗದ್ದೆಗಳು ಒಣಗಿಯೇ ಉಳಿದವು. ಅವರ ಕೈಯೂ ಕೆಸರಾಗದೆ ಉಳಿಯಲಿಲ್ಲ. ಆದರೆ ಅದುವರೆಗೆ ಕಾಲುವೆಯೇ ಇಲ್ಲದಿದ್ದ ಕಡೆಗೆ ನೀರು ಹರಿದದ್ದು ನಿಜ. ಇಂದಿಗೂ ಕರಾವಳಿಯ, ಮಲೆನಾಡಿನ ಅನೇಕ ಮನೆಗಳ ಮರದ ಪೆಟ್ಟಿಗೆಯಲ್ಲಿ ಭೂನ್ಯಾಯ ಮಂಡಳಿಯ ಆದೇಶದ ಹಳದಿಗಟ್ಟಿದ ಹಾಳೆಯೊಂದಿದೆ. ಅದರಲ್ಲಿ ಮುಖ್ಯಮಂತ್ರಿಯ ಹೆಸರಿಲ್ಲ. ಸರ್ವೆ ನಂಬರು, ಎಕರೆ, ಗುಂಟೆ, ಉಳುವವನ ಹೆಸರು, ಅವನ ತಂದೆಯ ಹೆಸರು: ಇಷ್ಟೇ ಇವೆ.